ಉಳಿದ ಮಣ್ಣು

ಮಣ್ಣನ್ನು ವಾಪಸ್ ಕೊಡುವುದಕ್ಕೆಂದೇ ಬಸ್ಸು ಹತ್ತುವವರನ್ನು ನಾನು ಈ ಆಯುಷ್ಯದಲ್ಲಿ ಒಬ್ಬರನ್ನೇ ನೋಡಿದ್ದೇನೆ. ಅವರು ನಮ್ಮ ಮೇಡಂ. ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದರು. ನನ್ನ ಪಿಎಚ್.ಡಿ.ಗೂ ಅವರೇ ಮಾರ್ಗದರ್ಶಕರು. ಖಾನಾಪುರದ ಕಡೆಯ ಗದ್ದೆಗಳಿಂದ ನಾವು ಮಣ್ಣು ತರುತ್ತಿದ್ದೆವು. ಪರೀಕ್ಷೆಗೆ ಬೇಕಾಗುತ್ತಿದ್ದುದು ಒಂದು ಚಮಚದಷ್ಟು. ಉಳಿದದ್ದನ್ನು ಬೇರೆಯವರಾಗಿದ್ದರೆ ಕಾಂಪೌಂಡಿನ ಮೂಲೆಗೆ ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಮೇಡಂ ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರ್ಧ ದಿನದ ರಜೆ ನೋಡಿ ಖಾನಾಪುರದ ಬಸ್ಸು ಹಿಡಿಯುತ್ತಿದ್ದರು.

ಒಮ್ಮೆ ನಾನೂ ಜೊತೆಯಲ್ಲಿದ್ದೆ. ಕಂಡಕ್ಟರ್ ಟಿಕೆಟ್ ಹರಿದು, ಮೇಡಂ ತೊಡೆಯ ಮೇಲಿದ್ದ ಚೀಲವನ್ನು ನೋಡಿದ.

"ಏನೈತ್ರಿ ಬಾಯಾರ, ಚೀಲದಾಗ?"

"ಮಣ್ಣ."

"ಖಾನಾಪುರದಾಗ ಮಣ್ಣಿಗೇನ್ ಬರ ಬಂದೈತೇನ್ರಿ? ಅಲ್ಲಿ ಮಂದಿ ಮಡಿಕಿ ಮಾಡಿ, ಹಂಚ ಮಾಡಿ, ಇನ್ನೂ ಉಳದೈತಿ."

"ಇದೂ ಅವರದ ಐತ್ರಿ. ನಮ್ಮ ಕೆಲಸ ಮುಗೀತು, ಕೊಡಾಕ ಹೊಂಟೀನಿ."

ಅವನು ಮುಂದಿನ ಸೀಟಿಗೆ ಹೋದ. ಆದರೆ ಇಳಿಯುವ ತನಕ ಆಗಾಗ ತಿರುಗಿ ನೋಡುತ್ತಿದ್ದ. ನನಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಡಂ ಮಾತ್ರ ಕಿಟಕಿಯಿಂದ ಹೊರಗೆ ನೋಡುತ್ತ ಆರಾಮಾಗಿ ಕೂತಿದ್ದರು.

ಅವರದು ಬೆಳಗಾವಿಯದೇ ಭಾಗವಾದ ಶಹಾಪುರದ ಹಳೆಯ ಜೈನ ಮನೆತನ. ತೆಳ್ಳಗೆ, ಎತ್ತರಕ್ಕೆ ಇದ್ದರು. ಹತ್ತಿ ಸೀರೆಯ ಮೇಲೆ ಲ್ಯಾಬಿನ ಬಿಳಿ ಕೋಟು. ಕೋಟಿನ ಜೇಬಿನಲ್ಲಿ ಲವಂಗದ ಡಬ್ಬಿ. ಬಟಾಟೆ, ಉಳ್ಳಾಗಡ್ಡಿ, ಗಜ್ಜರಿ ಮುಟ್ಟುತ್ತಿರಲಿಲ್ಲ. ನೆಲದೊಳಗೆ ಬೆಳೆಯುವುದನ್ನು ಕಿತ್ತರೆ ಅದರೊಂದಿಗೆ ಎಷ್ಟೋ ಜೀವ ಹೋಗುತ್ತವೆ ಎಂಬುದು ಅವರ ಮನೆಯ ನಡೆ. ಹೊತ್ತು ಮುಳುಗುವ ಮೊದಲು ಊಟ ಆಗಬೇಕು. ಹೀಗಾಗಿ ನಮ್ಮ ಲ್ಯಾಬು ಗೋಡೆಯ ಗಡಿಯಾರಕ್ಕಿಂತ ಹೆಚ್ಚಾಗಿ ಸೂರ್ಯನನ್ನು ನೋಡಿ ನಡೆಯುತ್ತಿತ್ತು. ಚಳಿಗಾಲದಲ್ಲಿ ಬೇಗ ಮುಗಿಯುವ ಪ್ರಯೋಗ, ಬೇಸಿಗೆಯಲ್ಲಿ ಉದ್ದನೆಯ ಪ್ರಯೋಗ. ಹೊರಗಿನವರಿಗೆ ಇದು ಹುಚ್ಚಾಟ ಅನಿಸುತ್ತಿತ್ತು. ನಮಗೆ ರೂಢಿಯಾಗಿಬಿಟ್ಟಿತ್ತು.

ಇಂಥವರು ಜೀವಮಾನವಿಡೀ ಮಾಡಿದ ಕೆಲಸ ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ. ಕೆಲಸ ಮುಗಿದ ತಟ್ಟೆಗಳನ್ನೆಲ್ಲ ಹಬೆಯ ಯಂತ್ರದಲ್ಲಿ ಬೇಯಿಸಿ ಕೊಲ್ಲಲೇಬೇಕು. ಆ ಯಂತ್ರಕ್ಕೆ ನಾವು ಕುಕ್ಕರ್ ಎನ್ನುತ್ತಿದ್ದೆವು. ರಸಾಯನಶಾಸ್ತ್ರದ ಸರ್ ಒಬ್ಬರು ಚಹಾದ ಹೊತ್ತಿನಲ್ಲಿ ಇದೇ ಎಳೆ ಹಿಡಿದು ಕಾಡುತ್ತಿದ್ದರು.

"ಅಲ್ರೀ ಮೇಡಂ, ಒಂದು ಬಟಾಟಿ ತಿಂದ್ರ ಜೀವ ಹೋಗತಾವಂತೀರಿ. ಇಲ್ಲಿ ನೋಡಿದ್ರ ದಿನಾ ಕೋಟಿ ಕೋಟಿ ಕುದಸ್ತೀರಿ. ಇದರದ್ ಲೆಕ್ಕ ಯಾರ ಕೊಡಬೇಕು?"

"ನಾನ ಕೊಡಬೇಕ್ರಿ," ಎಂದರು ಮೇಡಂ ನಗದೆ. "ಅದಕ್ಕ ಬೇಕಾದಷ್ಟ ಪ್ಲೇಟ್ ಹಾಕ್ರವಾ, ಹೆಚ್ಚ ಹಾಕಬ್ಯಾಡ್ರಿ ಅಂತ ಈ ಹುಡುಗ್ಯಾರ ಮುಂದ ದಿನಾ ಬಡಕೋತೀನಿ."

ಖರೆ ಹೇಳಬೇಕೆಂದರೆ ಈ 'ಬೇಕಾದಷ್ಟ' ಎಂಬುದು ನಮ್ಮ ಜೀವ ಹಿಂಡುತ್ತಿತ್ತು. ಒಂದು ತಟ್ಟೆ ಹೆಚ್ಚು ಸುರಿದರೆ ಯಾಕೆ ಎಂದು ಕೇಳುತ್ತಿದ್ದರು. ಕೈಗೆ ಬಂದಷ್ಟು ಮಣ್ಣು ಅಗೆದು ತಂದರೆ ಮತ್ತೆ ಕೇಳುತ್ತಿದ್ದರು. ಅದರ ಮೇಲೊಂದು ನಿಯಮ: ಸೀಸೆಯೊಳಗೆ ಹೋದದ್ದು, ಅಂದರೆ ನಾವು ಬೆಳೆಸಿದ್ದು, ಜೀನು ಬದಲಿಸಿದ್ದು, ಒಂದು ಹನಿಯೂ ಲ್ಯಾಬಿನಿಂದ ಆಚೆ ಹೋಗಕೂಡದು; ಕುಕ್ಕರಿಗೇ ಹೋಗಬೇಕು. ಚೀಲದಲ್ಲಿ ಮುಟ್ಟದೆ ಉಳಿದದ್ದು ಮಾತ್ರ ತಂದ ಊರಿಗೆ.

ಅವರ ಪಂಥದಲ್ಲಿ ವರ್ಷಕ್ಕೊಮ್ಮೆ, ಭಾದ್ರಪದದ ವ್ರತ ಮುಗಿದ ಮೇಲೆ, ಎಲ್ಲರಲ್ಲೂ ಕ್ಷಮೆ ಕೇಳುವ ದಿನವಿದೆ. ಆ ದಿನ ಮೇಡಂ ಕೋಟೆಯ ಬಸದಿಗೆ ಹೋಗಿ ಅಲ್ಲಿಂದ ನೇರ ಕಾಲೇಜಿಗೆ ಬರುತ್ತಿದ್ದರು. ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವ ಅಜ್ಜಿಯವರೆಗೆ ಎಲ್ಲರ ಮುಂದೆಯೂ ಕೈ ಜೋಡಿಸುತ್ತಿದ್ದರು. ನನ್ನ ಮುಂದೆಯೂ. ಬೈಸಿಕೊಂಡವಳು ನಾನು, ಕೈ ಮುಗಿಯುವವರು ಅವರು! ಮೊದಲ ಸಲ ನಾನು ಗಾಬರಿಬಿದ್ದು ಅವರ ಕಾಲಿಗೇ ಬಿದ್ದೆ. ಕೊನೆಗೆ ಅವರು ಕುಕ್ಕರ್ ಇದ್ದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಒಳಗಿರುತ್ತಿದ್ದರು. ಅಲ್ಲಿ ಏನು ಮಾಡುತ್ತಿದ್ದರೆಂದು ನಾವು ಯಾರೂ ಕೇಳಲಿಲ್ಲ. ಕಾಡುವ ಸರ್ ಕೂಡ ಆ ವಿಷಯ ಎತ್ತುತ್ತಿರಲಿಲ್ಲ.

ಅವರ ಪಾಠವೆಂದರೆ ನನಗೆ ಇವತ್ತಿಗೂ ಬಳೆ ನೆನಪಾಗುತ್ತದೆ. ಜೀನ್ ಕ್ಲೋನಿಂಗ್ ಹೇಳಿಕೊಡುವ ದಿನ ಅವರು ಖಡೇಬಜಾರಿನಿಂದ ಪ್ಲಾಸ್ಟಿಕ್ ಬಳೆಗಳನ್ನು ತಂದಿದ್ದರು. ಹಸಿರು ಬಳೆಯೊಂದನ್ನು ಎತ್ತಿ ಹಿಡಿದರು.

"ಇದು ಬಳಿ. ಮೈಯಾಗ ಹುಟ್ಟಿದ್ದಲ್ಲ. ಹಾಕ್ಕೋಬಹುದು, ತಗೀಬಹುದು, ಬಾಜೂದಾಕಿಗೆ ಕೊಡಬಹುದು. ಪ್ಲಾಸ್ಮಿಡ್ ಅಂದ್ರ ಹಿಂಗ. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಬ್ಯಾರೆ ಇರತೈತಿ, ಅದು ಇಲ್ಲಂದ್ರ ಬ್ಯಾಕ್ಟೀರಿಯಾ ಬದುಕೂದಿಲ್ಲ. ಇದು ಅದರ ಬಾಜೂಕ ಇರೂ ಸಣ್ಣ ಉಂಗರ. ಇದ್ರ ಒಂದು ಹೆಚ್ಚಿನ ವಿದ್ಯಾ ಇದ್ದಂಗ."

ಹಿಂದಿನ ಬೆಂಚಿನ ಒಬ್ಬ ಕಿಡಿಗೇಡಿ ಎದ್ದು, "ಗಂಡ ಬ್ಯಾಕ್ಟೀರಿಯಾನೂ ಬಳಿ ಹಾಕ್ಕೋತಾವೇನ್ರಿ ಮೇಡಂ?" ಎಂದ.

"ಹಾಕ್ಕೋತಾವಪಾ. ಮಂದಿ ಏನಂದಾರು ಅಂತ ಅವು ನಿನ್ನಂಗ ಅಂಜೂದಿಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ಕತ್ತರಿ ತೆಗೆದುಕೊಂಡು ಹಸಿರು ಬಳೆಯನ್ನು ಒಂದು ಕಡೆ ಕತ್ತರಿಸಿದರು. ಕೆಂಪು ಬಳೆಯಿಂದ ಒಂದು ತುಣುಕು ಕತ್ತರಿಸಿ ಆ ಸಂದಿಯಲ್ಲಿ ಇಟ್ಟು, ಎರಡೂ ತುದಿಗೆ ಅಂಟು ಹಚ್ಚಿ ಒತ್ತಿ ಹಿಡಿದರು. "ಕತ್ರಿ ಒಂದು ಕಿಣ್ವ. ಅಂಟು ಇನ್ನೊಂದು ಕಿಣ್ವ. ಕೆಂಪಂದು ನಮಗ ಬೇಕಾದ ಜೀನು. ಈ ಬಳೀನ ಮತ್ತೊಂದು ಬ್ಯಾಕ್ಟೀರಿಯಾದೊಳಗ ಹಾಕೂದು. ಅದು ಬೆಳದಂಗ ಬಳೀನೂ ಬೆಳೀತಾವು. ಇಷ್ಟ ಕ್ಲೋನಿಂಗ್. ಉಳದಿದ್ದೆಲ್ಲಾ ತಾಳ್ಮಿ." ಅಂಟು ಒಣಗುವ ತನಕ ಆ ಬಳೆಯನ್ನು ಹಿಡಿದುಕೊಂಡೇ ಪಾಠ ಮುಗಿಸಿದರು. ಕೆಂಪು ತುಣುಕಿನ ಆ ಹಸಿರು ಬಳೆ ಅವರ ಮೇಜಿನ ಮೇಲೆ, ಪೆನ್ನುಗಳ ಡಬ್ಬಿಗೆ ತಗುಲಿಕೊಂಡು, ನಿವೃತ್ತಿಯವರೆಗೂ ಇತ್ತು.

ಇನ್ನೊಂದು ಅವರ ಮಾತು: "ಕಂಟ್ರೋಲ್ ಎಲ್ಲೈತಿ?" ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ. ಒಂದು ಔಷಧ ಹಾಕಿದ ಗಿಡ ಚಿಗುರಿತು ಎಂದರೆ ಸಾಲದು. ಪಕ್ಕದಲ್ಲಿ ಔಷಧ ಹಾಕದ ಗಿಡವೊಂದನ್ನು ಇಟ್ಟು, ಅದು ಚಿಗುರಲಿಲ್ಲ ಎಂದೂ ತೋರಿಸಬೇಕು. ಆ ಪಕ್ಕದ ಗಿಡವೇ ಕಂಟ್ರೋಲ್. ಮೇಡಂ ಇದನ್ನು ಲ್ಯಾಬಿನಲ್ಲಿಯೇ ಬಿಟ್ಟು ಮನೆಗೆ ಹೋಗುವವರಲ್ಲ. ಸಹೋದ್ಯೋಗಿಯೊಬ್ಬರು ಹರಳಿನ ಉಂಗುರ ತೋರಿಸಿ, ಇದನ್ನು ಹಾಕಿಕೊಂಡ ಮೇಲೆಯೇ ಬಡ್ತಿ ಬಂತು ಎಂದು ಹೇಳಿದಾಗ, "ಹಾಕ್ಕೊಳ್ಳಲಾರದ ಪಾಟೀಲ ಸರ್‌ಗೂ ಬಂತಲ್ರಿ, ಅದೇ ವಾರ?" ಎಂದುಬಿಟ್ಟರು. ಉಂಗುರದವರು ಒಂದು ತಿಂಗಳು ಮಾತು ಬಿಟ್ಟಿದ್ದರು. ನನ್ನ ತಾಯಿ ಕಾಕತಿಯಿಂದ ಕಟ್ಟಿ ಕಳಿಸಿದ ಕರದಂಟನ್ನು ತಿಂದು, "ಭಾಳ ಛಲೋ ಆಗೈತಿ" ಎಂದವರು, ನಾನು ಅರಳುತ್ತಿದ್ದ ಹಾಗೆಯೇ, "ಆದ್ರ ನನಗ ಹಸಿವೂ ಆಗಿತ್ತವಾ, ಖಾತ್ರಿ ಹೇಳಾಕ ಬರೂದಿಲ್ಲ" ಎಂದು ಸೇರಿಸಿದರು. ಅವರ ಜೊತೆ ಕೆಲಸ ಮಾಡುವುದು ಎಂದರೆ ಹೀಗೆ.

ಈಗ ಆ ಬ್ಯಾಕ್ಟೀರಿಯಾದ ಕಥೆಗೆ ಬರುತ್ತೇನೆ. ಮೇಡಂರನ್ನು ನೆನೆದರೆ ಅದನ್ನು ಬಿಟ್ಟು ಹೇಳಲು ಬರುವುದಿಲ್ಲ.

ಖಾನಾಪುರ ದಾಟಿ ಲೋಂಡಾ ಕಡೆಗೆ ಹೋಗುವ ರಸ್ತೆಯ ಪಕ್ಕ ಒಂದು ಮನೆ, ಅದರ ಹಿಂದೆ ಸಾಕಷ್ಟು ನಡೆದು ಹೋದರೆ ಆ ಮನೆಯವರ ಭತ್ತದ ಗದ್ದೆ. ಮನೆಯೊಡತಿಯ ಮನೆಮಾತು ಮರಾಠಿ, ನಮ್ಮೊಂದಿಗೆ ಕನ್ನಡ. ಮೇಡಂ ಆಕೆಗೆ ಅತ್ತಿಗೆ ಎಂಬಂತೆ 'ವೈನಿ' ಎನ್ನುತ್ತಿದ್ದರು, ನಾನು ಚಿಕ್ಕಮ್ಮ ಎಂಬಂತೆ 'ಮಾವಶಿ' ಎನ್ನುತ್ತಿದ್ದೆ; ಆಕೆ ಮೇಡಂಗೆ ಗೌರವದಿಂದ 'ಬಾಯಿ' ಎನ್ನುತ್ತಿದ್ದಳು. ಒಂದು ವರ್ಷ ಸುತ್ತಲಿನ ಗದ್ದೆಗಳಿಗೆಲ್ಲ ಬೆಂಕಿ ರೋಗ ಬಿದ್ದು ಎಲೆಗಳೆಲ್ಲ ಸುಟ್ಟಂತಾದಾಗ ಆಕೆಯ ಗದ್ದೆಯ ಒಂದು ಮೂಲೆ ಮಾತ್ರ ಹಸಿರಾಗಿ ಉಳಿದಿತ್ತು. ಮೇಡಂ ಅಲ್ಲಿಂದ ಮಣ್ಣು ತಂದರು. ಅದರಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಬೆಂಕಿ ರೋಗ ತರುವ ಬೂಷ್ಟನ್ನು ತಟ್ಟೆಯ ಮೇಲೆ ಬೆಳೆಸಿ ನಡುವೆ ಇದನ್ನು ಇಟ್ಟರೆ, ಬೂಷ್ಟು ಎಲ್ಲ ಕಡೆ ಹಬ್ಬಿ ಇದರ ಸುತ್ತ ಮಾತ್ರ ಬರದೆ ನಿಲ್ಲುತ್ತಿತ್ತು. ಬೂದು ಬಣ್ಣದ ನಡುವೆ ದುಂಡನೆಯ ತಿಳಿ ಜಾಗ. ನಾವು ಅದಕ್ಕೆ ಕಣ ಎನ್ನುತ್ತಿದ್ದೆವು, ರಾಶಿ ಮಾಡುವಾಗ ಸಾರಿಸಿ ಇಟ್ಟ ಕಣದ ಹಾಗೆ ಕಾಣುತ್ತಿದ್ದುದರಿಂದ.

ಬೂಷ್ಟನ್ನು ತಡೆಯುವ ಆ ವಿದ್ಯೆ ಇದ್ದದ್ದು ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ಡಿನಲ್ಲಿ. ಮೇಡಂ ಮೊದಲ ವರ್ಷವೇ ಆ ಪ್ಲಾಸ್ಮಿಡ್ಡನ್ನು ಹೊರಗೆ ತೆಗೆದು ಶುದ್ಧ ಮಾಡಿ ಇಟ್ಟಿದ್ದರು. ಅದನ್ನು ಕತ್ತರಿಸಿ, ತುಣುಕು ತುಣುಕಾಗಿ ಕ್ಲೋನ್ ಮಾಡುವುದು ನನ್ನ ಕೆಲಸ. ಬೇಕಾದ ಜೀನುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು. ಅರ್ಧ ಸಾಲು ಸಿಕ್ಕಿತು. ಮೇಡಂ ಖುಷಿಯಿಂದ ಖಾನಾಪುರಕ್ಕೆ ಹೋಗಿ ಮಾವಶಿಗೆ ಹೇಳಿಯೂ ಬಂದರು: "ವೈನಿ, ನಿಮ್ಮ ಹೊಲದಾಗಿನ ಒಂದು ಹುಳ ಬೆಂಕಿ ರೋಗ ತಡೀತೈತಿ. ಅದರ ಔಷಧ ಮಾಡಿ ಮೊದಲ ನಿಮಗ ತಂದು ಕೊಡ್ತೀನಿ."

ಅಷ್ಟರಲ್ಲಿ ಆದದ್ದು ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು. ಮೂಲ ಬ್ಯಾಕ್ಟೀರಿಯಾವನ್ನು ನಾವು ಬಹಳ ಚೆನ್ನಾಗಿ ಸಾಕಿದ್ದೆವು. ಒಳ್ಳೆಯ ಆಹಾರ, ಬೆಚ್ಚಗಿನ ಜಾಗ, ತಿಂಗಳಿಗೊಮ್ಮೆ ಹೊಸ ಕೊಳವೆ. ಕೊರೆಯುವ ಚಳಿಯ ಫ್ರೀಜರ್ ನಮ್ಮ ಕಾಲೇಜಿಗೆ ಬಂದದ್ದೇ ತಡವಾಗಿ. ಬಂದಾಗ ಆ ಹೊತ್ತಿಗೆ ಕೈಯಲ್ಲಿದ್ದದ್ದನ್ನು ಅದರಲ್ಲಿ ಇಟ್ಟೆವು. ಕೆಲಸವೆಲ್ಲ ಮೊದಲ ವರ್ಷ ತೆಗೆದಿಟ್ಟ ಪ್ಲಾಸ್ಮಿಡ್ಡಿನಿಂದ ನಡೆಯುತ್ತಿದ್ದುದರಿಂದ ಮೂಲ ಬ್ಯಾಕ್ಟೀರಿಯಾ ಹೇಗಿದೆ ಎಂದು ಯಾರೂ ವಿಚಾರಿಸಲಿಲ್ಲ. ಆ ದಾಸ್ತಾನು ಮುಗಿದು, ಮತ್ತೆ ತೆಗೆಯಲು ಹೋದಾಗ ನೋಡಿದರೆ ಪ್ಲಾಸ್ಮಿಡ್ ಇಲ್ಲ! ಬೂಷ್ಟಿನ ತಟ್ಟೆಯ ಮೇಲೆ ಇಟ್ಟು ನೋಡಿದೆವು. ಬೂಷ್ಟು ಅದರ ಮೈಮೇಲೆಯೇ ಹಬ್ಬಿಕೊಂಡು ಹೋಯಿತು. ಕಣವಿಲ್ಲ. ಫ್ರೀಜರಿನಲ್ಲಿದ್ದದ್ದನ್ನೂ ತೆಗೆದು ನೋಡಿದೆವು. ಅದೂ ಹಾಗೆಯೇ.

"ಕೆಲಸ ಇಲ್ಲದ ಬಳೀನ ಯಾರ ಹೊರತಾರವಾ," ಎಂದರು ಮೇಡಂ, ತಟ್ಟೆಯನ್ನು ಬೆಳಕಿಗೆ ಹಿಡಿದು. "ಇಲ್ಲಿ ವೈರಿ ಇಲ್ಲ, ಹಸಿವಿಲ್ಲ. ಉಂಡು ಉಂಡು ತಗದು ಒಗದೈತಿ."

ಅದೇ ವಾರ, ನಮ್ಮ ಯೋಜನೆಗೆ ಮುಂದೆಯೂ ಹಣ ಕೊಡಬೇಕೇ ಎಂದು ನೋಡಲು ದೊಡ್ಡ ಊರುಗಳಿಂದ ತಜ್ಞರು ಬರುವವರಿದ್ದರು. ಹಳೆಯ ತಟ್ಟೆಯ ಚಂದದ ಫೋಟೋ ನಮ್ಮಲ್ಲಿತ್ತು. ಅದನ್ನೇ ತೋರಿಸಿದರೆ ಯಾರಿಗೆ ತಿಳಿಯಬೇಕು ಎಂದು ವಿಭಾಗದ ಮುಖ್ಯಸ್ಥರು ಮೆಲ್ಲನೆ ಸೂಚಿಸಿದರು. ಮೇಡಂ ಫೋಟೋ ತೋರಿಸಿದರು. ಅದರ ಪಕ್ಕದಲ್ಲಿ ಆ ವಾರದ ತಟ್ಟೆಯನ್ನೂ ಇಟ್ಟರು. "ಫೋಟೋದಲ್ಲಿ ಇರುವುದು ನಮ್ಮಲ್ಲಿ ಇತ್ತು. ಈಗ ಇಲ್ಲ. ನಾನು ನಡುವೆ ನೋಡಬೇಕಿತ್ತು, ನೋಡಲಿಲ್ಲ," ಎಂದರು. ಬಂದವರಲ್ಲಿ ಒಬ್ಬರು ತಲೆ ಅಲ್ಲಾಡಿಸಿದರು. ಇನ್ನೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಯೋಜನೆ ಅಲ್ಲಿಗೆ ನಿಂತಿತು. ನನಗೆ ಮೇಡಂ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಅದರ ಜೊತೆಗೇ ಹೆಮ್ಮೆಯೂ ಅನಿಸಿತು. ಸೀಸೆಗಳನ್ನು ತೊಳೆಯುತ್ತ ನಿಂತೆ.

ಮತ್ತೆ ಅದೇ ಗದ್ದೆಗೆ ಹೋದರಾಯಿತು ಎಂದು ಖಾನಾಪುರದ ಬಸ್ಸು ಹತ್ತಿದೆವು. ಹೋಗಿ ನೋಡಿದರೆ ಗದ್ದೆ ಮೊಣಕಾಲಿನಷ್ಟು ಕೆಳಗೆ ಇಳಿದಿತ್ತು. ಮೇಲಿನ ಮಣ್ಣನ್ನೆಲ್ಲ ಇಟ್ಟಿಗೆ ಸುಡುವ ಭಟ್ಟಿಯವರು ತೆಗೆದುಕೊಂಡು ಹೋಗಿದ್ದರು. ದೂರದಲ್ಲಿ ಭಟ್ಟಿಯ ಹೊಗೆ ಏಳುತ್ತಿತ್ತು. ಮಾವಶಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು.

"ಬಾಯಿ, ನಮ್ಮ ಮನ್ಯಾಗಿನ ಗಂಡಸೂರು ಕೊಟ್ಟಬಿಟ್ರು. ನಿಮ್ಮ ಹುಳ ಇಲ್ಲೇ ಐತಂತ ನಾ ಹೇಳಿದ್ನಿ. ಯಾರ ಕೇಳ್ತಾರ?"

"ನಿಮ್ಮ ಹೊಲ, ನಿಮ್ಮ ಮಣ್ಣು ವೈನಿ. ನಿಮ್ಮ ಕಡೆ ಏನೂ ತಪ್ಪಿಲ್ಲ." ಮೇಡಂ ಬದುವಿನ ಮೇಲೆ ಕೂತರು. ತಮ್ಮಷ್ಟಕ್ಕೆ ಎಂಬಂತೆ, "ನಾ ತಂದು ಕೊಟ್ಟ ಮಣ್ಣೂ ಅದರ ಕೂಡ ಹೋತು," ಎಂದರು. ಮಾವಶಿ ಏನೋ ಹೇಳಲು ಬಾಯಿ ತೆರೆದಳು. ಹೇಳದೆ ಚಹಾ ಮಾಡುತ್ತೇನೆಂದು ಮನೆಯತ್ತ ನಡೆದಳು. ಹೊತ್ತು ಇಳಿಯುತ್ತಿತ್ತು, ಮೇಡಂ ಊಟಕ್ಕೆ ಮನೆ ಮುಟ್ಟಬೇಕಾಗಿತ್ತು. ಚಹಾ ಕುಡಿದು ಬಸ್ಸಿಗೆ ಓಡಿದೆವು.

ಆಮೇಲೆ ಉಳಿದ ತಳಮಣ್ಣು, ಬದು, ಸುತ್ತಲಿನ ಗದ್ದೆ, ಹಳ್ಳದ ದಂಡೆ ಎಲ್ಲ ಕಡೆ ಹುಡುಕಿದೆವು. ಮಳೆಗಾಲಗಳು ಕಳೆದವು. ಸಿಕ್ಕಿದ ಅರ್ಧದ ಮೇಲೆಯೇ ನನ್ನ ಪಿಎಚ್.ಡಿ. ಮುಗಿಯಿತು, ನೌಕರಿಯೂ ಅದೇ ವಿಭಾಗದಲ್ಲಿ ಸಿಕ್ಕಿತು. ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರೂ ಅವರ ಸಾಧನೆಯನ್ನು ಹೊಗಳಿದರು. ಅವರು ಎದ್ದು ನಿಂತು ಧನ್ಯವಾದ ಹೇಳಿ, ಬಳೆಯನ್ನು ನನ್ನ ಕೈಗೆ ಕೊಟ್ಟು ಕೂತರು.

ನಿವೃತ್ತಿಯ ನಂತರ ಹಬ್ಬಕ್ಕೆ, ಹುಣ್ಣಿಮೆಗೆ ನಾನು ಶಹಾಪುರದ ಅವರ ಮನೆಗೆ ಹೋಗುತ್ತಿದ್ದೆ. ಮೊದಲ ಪ್ರಶ್ನೆ ಯಾವಾಗಲೂ ಅದೇ: "ಸಿಕ್ಕತೇನು?" ನಾನು ಬೇಸರದಿಂದ, "ಇಲ್ರಿ ಮೇಡಂ, ಇನ್ನ ಬಿಟ್ಟಬಿಡೂಣ್ರಿ ಅದನ್ನ," ಎಂದೆ ಒಮ್ಮೆ. ಅವರು ಸಿಟ್ಟಾಗಲಿಲ್ಲ.

"ನೋಡು ತಂಗಿ, ಪೇಪರ್ ಬರೀಲಿಲ್ಲ, ಹೆಸರ ಬರಲಿಲ್ಲ, ಅದಕ್ಕೇನೂ ಇಲ್ಲ. ಆದ್ರ ಅದು ನಂದಲ್ಲ. ಖಾನಾಪುರದ್ದು. ಉಳದ ಮಣ್ಣೆಲ್ಲಾ ಹಿಡಿ ಹಿಡಿ ವಾಪಸ್ ಕೊಟ್ಟೆ. ಅದೊಂದು ಮಾತ್ರ ತಂದು ಕಳದೆ." ಮುಂದಿದ್ದ ಲವಂಗದ ಡಬ್ಬಿ ತೆರೆದು, ತೆಗೆದುಕೊಳ್ಳದೆ ಮುಚ್ಚಿದರು. "ಸಿಕ್ಕರ ನನಗ ಹೇಳು. ಎಲ್ಲಿದ್ರೂ ಬಂದು ಹೇಳು."

ಹೇಳುತ್ತೇನೆ ಎಂದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬೆಳಗಿನ ಪೂಜೆ ಮುಗಿಸಿ ಕೂತವರು ಏಳಲಿಲ್ಲವಂತೆ. ಕಾಲೇಜಿನವರು, ಹಳೆಯ ವಿದ್ಯಾರ್ಥಿಗಳು, ಕಾಡುತ್ತಿದ್ದ ರಸಾಯನಶಾಸ್ತ್ರದ ಸರ್, ಎಲ್ಲರೂ ಬಂದಿದ್ದರು. ಸರ್ ಒಂದು ಮೂಲೆಯಲ್ಲಿ ನಿಂತು ಮಗುವಿನ ಹಾಗೆ ಅತ್ತರು. ನನಗೆ ಅಳು ಬರಲಿಲ್ಲ. ಮನೆಗೆ ಬಂದು ಆ ಬಳೆಯನ್ನು ನೋಡಿದಾಗ ಬಂತು, ಸಾಕಷ್ಟು ಬಂತು.

ಸ್ವಲ್ಪ ದಿನದ ಮೇಲೆ, ಖಾನಾಪುರದ ಮಾವಶಿಗೆ ಯಾರೂ ಹೇಳಿಲ್ಲ ಎಂಬುದು ಹೊಳೆಯಿತು. ಹೋದೆ. ಆಕೆ ಅಂಗಳದಲ್ಲಿ ಅಕ್ಕಿ ಕೇರುತ್ತ ಕೂತಿದ್ದಳು. ನಾನೊಬ್ಬಳೇ ಬಂದದ್ದನ್ನು ನೋಡಿ ಮೊರ ಕೆಳಗಿಟ್ಟಳು.

"ಬಾಯಿ ಎಲ್ಲಿ?"

ಹೇಳಿದೆ. "ಅಗ ಬಾಯೀ..." ಎಂದು ನೆಲಕ್ಕೆ ಕೈ ಊರಿದಳು. ಆಮೇಲೆ ಎದ್ದು ನನ್ನ ಕೈ ಹಿಡಿದು ಅಂಗಳದ ತುಳಸಿ ಕಟ್ಟೆಯ ಹತ್ತಿರ ಕರೆದುಕೊಂಡು ಹೋದಳು. ತುಳಸಿ ಸೊಂಪಾಗಿ ಬೆಳೆದಿತ್ತು.

"ಒಂದು ಮಾತ ಹೇಳತೀನಿ, ಸಿಟ್ಟಿಗೇಳಬ್ಯಾಡ. ಇದರಾಗ ಇದ್ದದ್ದೆಲ್ಲಾ ಬಾಯಿ ತಂದು ಕೊಟ್ಟಿದ್ದ ಮಣ್ಣು."

ನನಗೆ ತಿಳಿಯಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಮೇಡಂ ಚೀಲ ಹಿಡಿದುಕೊಂಡು ಬಂದಾಗ ಗದ್ದೆಯತನಕ ನಡೆಯಲು ಹೊತ್ತು ಇರುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ಶಹಾಪುರ ಮುಟ್ಟಿ ಉಣ್ಣಬೇಕು. ಹೀಗಾಗಿ ರಸ್ತೆಯ ಮೇಲಿನ ಮನೆಯಲ್ಲಿಯೇ ಚೀಲ ಕೊಟ್ಟು, "ತಂದ ಜಾಗಾಕ್ಕ ಹಾಕ್ರಿ ವೈನಿ," ಎಂದು ಹೇಳಿ ತಿರುಗುವ ಬಸ್ಸು ಹತ್ತುತ್ತಿದ್ದರು.

"ಹೊಲದ ಮಣ್ಣು ಅಂತಿದ್ರು, ಖರೇ. ಆದ್ರ ಹೊಲದ ಮಣ್ಣ ಯಾರರ ಬಸ್ಸಿನ್ಯಾಗ ವಾಪಸ್ ತರತಾರೇನು, ನೀನ ಹೇಳು? ಎರಡೂ ಕೈಲಿಂದ ಕೊಡ್ತಿದ್ರು, ಪ್ರಸಾದ ಕೊಟ್ಟಂಗ. ಬಸದಿಯಿಂದ ಮಂತ್ರಿಸಿ ತಂದದ್ದ ಇರಬೇಕು, ಹೇಳೂದಿಲ್ಲ ಬಾಯಿ ಅಂತ ತಿಳಕೊಂಡ್ನಿ. ಅಂಥಾದ್ದನ್ನ ಹೊಲದಾಗ ಹಾಕಿ ಎತ್ತು, ಮಂದಿ ತುಳೀಬೇಕಾ? ತುಳಸಿಗೆ ಹಾಕಿದ್ನಿ. ಮೊದಲ ಸಲಾನೂ, ಆಮ್ಯಾಲಿಂದೂ." ಕಣ್ಣೊರೆಸಿಕೊಂಡಳು. "ಆವತ್ತ ಬದುವಿನ ಮ್ಯಾಲ ಕುಂತು, ತಂದ ಮಣ್ಣೂ ಹೋತು ಅಂದಾಗ ಹೇಳಬೇಕಂತ ಬಾಯಿಗೆ ಬಂತು. ಅವರ ಮಾತ ನಡಸಲಿಲ್ಲಲ್ಲಾ ಅಂತ ನಾಚಿಕಿ ಆತು. ಹೇಳಲಿಲ್ಲ."

ಭಟ್ಟಿಯವರು ಗದ್ದೆ ಕೆರೆಯುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಣ್ಣು, ಹಸಿರಾಗಿ ಉಳಿದ ಆ ಮೂಲೆಯ ಮಣ್ಣು, ಇಲ್ಲಿ, ಚಹಾ ಕುಡಿಯುತ್ತ ನಾವು ಕೂರುತ್ತಿದ್ದ ಅಂಗಳದಲ್ಲಿಯೇ ಇತ್ತು! ಆಕೆಯ ಮೇಲೆ ರೇಗಬೇಕು ಅನಿಸಿತು, ತಬ್ಬಿಕೊಳ್ಳಬೇಕು ಅನಿಸಿತು. ಆಕೆ ಮೇಡಂ ಮಾತು ನಡೆಸಿದ್ದರೆ ಆ ಮಣ್ಣು ಇಷ್ಟೊತ್ತಿಗೆ ಯಾರದೋ ಮನೆಯ ಗೋಡೆಯಾಗಿರುತ್ತಿತ್ತು.

"ಮಾವಶಿ, ಇದರಾಗಿಂದ ಸ್ವಲ್ಪ ಮಣ್ಣ ತಗೋತೀನ್ರಿ."

"ತಗೋ. ನಿಮ್ಮ ಬಾಯಿದ ಐತಿ."

ಕೈ ತೊಳೆದುಕೊಂಡು, ಬೇರಿಗೆ ಏಟಾಗದಂತೆ ತೆಗೆದೆ. ಆಮೇಲೆ ಪಕ್ಕದ ಮನೆಯವರನ್ನು ಕೇಳಿ ಅವರ ತುಳಸಿ ಕಟ್ಟೆಯಿಂದಲೂ ಅಷ್ಟೇ ತೆಗೆದುಕೊಂಡೆ.

"ಅವರ ತುಳಸಿದ್ಯಾಕ? ಅದಕ್ಕ ಬಾಯಿ ಮಣ್ಣ ಹಾಕಿಲ್ಲ," ಎಂದಳು ಮಾವಶಿ.

"ಅದಕ್ಕ ಬೇಕ್ರಿ," ಎಂದೆ.

ಲ್ಯಾಬಿನಲ್ಲಿ ಬೇಕಾದಷ್ಟೇ ತಟ್ಟೆ ಹಾಕಿದೆ, ಒಂದೂ ಹೆಚ್ಚಿಲ್ಲ. ಎರಡೂ ಮಣ್ಣನ್ನು ಬೇರೆ ಬೇರೆಯಾಗಿ ನೀರಿನಲ್ಲಿ ಕಲಸಿ ಬಿಸಿ ಮಾಡಿದೆ. ಈ ಜಾತಿಯ ಬ್ಯಾಕ್ಟೀರಿಯಾ ಕಷ್ಟ ಬಂದಾಗ ಗಟ್ಟಿ ಬೀಜದಂತಾಗಿ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರಬಲ್ಲದು. ಬಿಸಿಗೆ ಉಳಿದವು ಸತ್ತು ಅದು ಉಳಿಯುತ್ತದೆ. ಬೆಳೆದವುಗಳನ್ನು ಒಂದೊಂದಾಗಿ ಬೂಷ್ಟಿನ ತಟ್ಟೆಗೆ ಇಟ್ಟು ಕಾದೆ. ಪಕ್ಕದ ಮನೆಯ ತುಳಸಿಯ ತಟ್ಟೆಗಳಲ್ಲಿ ಬೂಷ್ಟು ಅಂಚಿನಿಂದ ಅಂಚಿಗೆ ಹಬ್ಬಿತು. ಮಾವಶಿಯ ತುಳಸಿಯದೊಂದು ತಟ್ಟೆಯಲ್ಲಿ, ಬೂದು ಬಣ್ಣದ ನಡುವೆ, ದುಂಡಗೆ ಸಾರಿಸಿದ ಹಾಗೆ ಕಣ ಕೂತಿತ್ತು.

ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ತಕ್ಷಣ ಫೋನ್ ಕೈಗೆ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ನೆನಪಾಯಿತು, ಆ ನಂಬರಿನಲ್ಲಿ ಈಗ ಯಾರೂ ಇಲ್ಲ.

ನೋಡುವುದನ್ನೆಲ್ಲ ನೋಡಿದೆ. ಪ್ಲಾಸ್ಮಿಡ್ ಇತ್ತು. ನಾವು ಹಿಂದೆ ಕ್ಲೋನ್ ಮಾಡಿದ ಅರ್ಧದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಿತು. ಅದರ ಮುಂದೆ ಉಳಿದ ಅರ್ಧವೂ ಇತ್ತು. ಈ ಸಲ ಅದನ್ನು ಮೊದಲ ದಿನವೇ ಫ್ರೀಜರಿಗೆ ಇಟ್ಟೆ. ಎಲ್ಲಿಂದ ತಂದದ್ದು ಎಂದು ಸೀಸೆಯ ಮೇಲೆ ಬರೆಯಬೇಕಲ್ಲ, ಅಲ್ಲಿ ಪೆನ್ನು ನಿಂತಿತು. ಗದ್ದೆಯದು ಎಂದು ಬರೆದರೆ ಚಂದ. ಆದರೆ ನಾನು ಗದ್ದೆಯಿಂದ ತಂದಿಲ್ಲ. 'ಖಾನಾಪುರ ತಾಲೂಕು, ಮನೆಯಂಗಳದ ತುಳಸಿ ಕಟ್ಟೆ. ಹಿಂದಿರುಗಿಸಿದ ಮಣ್ಣು' ಎಂದು ಬರೆದೆ.

ನಂತರ ಉಳಿದ ಮಣ್ಣಿನ ಎರಡೂ ಚೀಲಗಳ ಬಾಯಿ ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ತೊಡೆಯ ಮೇಲಿನ ಚೀಲಗಳನ್ನು ಕಂಡಕ್ಟರ್ ನೋಡಿದ. ಈ ಸಲ ನನಗೆ ನಾಚಿಕೆಯಾಗಲಿಲ್ಲ. ಪಕ್ಕದ ಮನೆಯವರದನ್ನು ಅವರ ಕಟ್ಟೆಗೆ ಹಾಕಿ, ಮಾವಶಿಯ ತುಳಸಿಯ ಮುಂದೆ ಬಂದು ಕೂತೆ. ಎರಡೂ ಕೈಯಿಂದ ಮಣ್ಣು ಸುರಿದೆ.

"ಸಿಕ್ಕತ್ರಿ ಮೇಡಂ," ಎಂದೆ.

ಅವರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಖುಷಿಯ ಮಾತು ಆಮೇಲೆ, ಮೊದಲು 'ಕಂಟ್ರೋಲ್ ಎಲ್ಲೈತಿ?' ನಾನು ಕಾಯಲಿಲ್ಲ.

"ಇಟ್ಟಿದ್ನಿರಿ. ಬಾಜೂ ಮನಿ ತುಳಸಿ. ಅದರಾಗ ಬರಲಿಲ್ಲ. ಇದರಾಗ ಅಷ್ಟ ಬಂತು."

ಮಾವಶಿ ತಂಬಿಗೆಯಲ್ಲಿ ನೀರು ತಂದು ಹೊಸ ಮಣ್ಣಿನ ಮೇಲೆ ನಿಧಾನಕ್ಕೆ ಸುರಿದಳು. "ಇನ್ನ ಏಳು," ಎಂದಳು ನನ್ನ ಬೆನ್ನು ಸವರಿ, "ಹೊತ್ತ ಮುಣಗೂದ್ರಾಗ ಉಂಡ ಹೋಗು."